ಕಬ್ಬಿಣದ ಹಾದಿಯ ಕಥೆ



ಬೇಸಿಗೆಯ ರಜೆಯಲ್ಲಿ ಮೂವರು ಗೆಳೆಯರೊಡನೆ ನೀವು ಇಟಲಿಯ ಉತ್ತರಕ್ಕಿರುವ ಡಾಲೊಮೈಟ್ ಪರ್ವತಗಳಿಗೆ ಹೋಗಿದ್ದೀರಿ ಎಂದು ಭಾವಿಸಿಕೊಳ್ಳಿ. ಜುಲೈ ತಿಂಗಳು. ಎದುರಿಗೆ 2744 ಮೀಟರ್ ಎತ್ತರದ ಪಾಟೆರ್ನೊ ಶಿಖರ. ನೆತ್ತಿಯ ಮೇಲೆ ಹೆಲ್ಮೆಟ್, ಸೊಂಟಕ್ಕೆ ಪಟ್ಟಿ, ಪಟ್ಟಿಯಿಂದ ಇಳಿಬಿದ್ದ ಎರಡು ಕವಲಿನ ಹಗ್ಗ, ಕವಲುಗಳ ತುದಿಗೆ ಒಂದೊಂದು ಕೊಕ್ಕೆ. ಬಂಡೆಯುದ್ದಕ್ಕೂ ಉಕ್ಕಿನ ತಂತಿ ಬಿಗಿದಿದ್ದಾರೆ. ಕೊಕ್ಕೆಗಳನ್ನು ಆ ತಂತಿಗೆ ಸಿಕ್ಕಿಸಿ ನೀವು ಮೇಲಕ್ಕೆ ಹೊರಡುತ್ತೀರಿ. ಇಂಥ ದಾರಿಗೆ ಇಟಲಿಯವರು ಇಟ್ಟ ಹೆಸರು 'ವಿಯಾ ಫೆರಾಟಾ', ಅಂದರೆ ಕಬ್ಬಿಣದ ಹಾದಿ.

ಆದರೆ ದಾರಿ ಆರಂಭದಲ್ಲೇ ನಿಮ್ಮನ್ನು ಬೆಟ್ಟದೊಳಗಿನ ಕತ್ತಲ ಸುರಂಗವೊಂದಕ್ಕೆ ಕರೆದೊಯ್ಯುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿಗಳು. ವಿಹಾರಕ್ಕೆ ಬರುವವರಿಗಾಗಿ ಬೆಟ್ಟವನ್ನೇ ಕೊರೆದವರು ಯಾರು? ಈ ಪ್ರಶ್ನೆ ನಿಮಗೆ ಹೊಳೆದರೆ, ಇತಿಹಾಸದ ಬಾಗಿಲನ್ನು ನೀವು ತಟ್ಟಿದಿರಿ ಎಂದೇ ಅರ್ಥ.

ಬಂಡೆಗೆ ಕಬ್ಬಿಣ ಬಡಿಯುವ ಪದ್ಧತಿ ಯುದ್ಧಕ್ಕಿಂತ ಹಳೆಯದು. 1843ರಲ್ಲಿ ಆಸ್ಟ್ರಿಯಾದ ಭೂವಿಜ್ಞಾನಿ ಫ್ರೀಡ್ರಿಕ್ ಸಿಮೋನಿಯ ಮುಂದಾಳುತನದಲ್ಲಿ ಡಾಕ್‌ಸ್ಟೈನ್ ಶಿಖರದ ದಾರಿಗೆ ಕಬ್ಬಿಣದ ಹಿಡಿಕೆಗಳನ್ನೂ ಹಗ್ಗವನ್ನೂ ಅಳವಡಿಸಲಾಯಿತು. 1903ರಲ್ಲಿ ಡಾಲೊಮೈಟ್‌ನ ಅತ್ಯುನ್ನತ ಪರ್ವತವಾದ ಮಾರ್ಮೊಲಾಡಾದ ಪಶ್ಚಿಮ ಏಣಿಗೂ ಇಂಥ ದಾರಿ ಬಂತು. ಅವೆಲ್ಲ ಪರ್ವತಪ್ರಿಯರ ಕೆಲಸ. ಪಾಟೆರ್ನೊದ ಸುರಂಗ ಹಾಗಲ್ಲ. ಅದನ್ನು ಕೊರೆದವರು ಸೈನಿಕರು.

1915ರ ಮೇ 23ರಂದು ಇಟಲಿ ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿತು. ಆಗ ಎರಡು ದೇಶಗಳ ಗಡಿ ಈ ಶಿಖರಗಳ ನೆತ್ತಿಯ ಮೇಲೆಯೇ ಹಾದುಹೋಗಿತ್ತು. ಎತ್ತರದಲ್ಲಿದ್ದವನಿಗೆ ಕೆಳಗಿನ ಕಣಿವೆಯೆಲ್ಲ ಕಾಣುತ್ತದೆ. ಆದ್ದರಿಂದ ಶಿಖರ ಹಿಡಿದವನದೇ ಮೇಲುಗೈ. ಆದರೆ ಶಿಖರದ ಮೇಲಿನ ಸೈನಿಕನಿಗೆ ಅನ್ನ ಬೇಕು, ಮದ್ದುಗುಂಡು ಬೇಕು; ಗಾಯಗೊಂಡರೆ ಅವನನ್ನು ಕೆಳಗಿಳಿಸಲೂ ಬೇಕು. ಅದಕ್ಕಾಗಿ ಎರಡೂ ಕಡೆಯವರು ಬಂಡೆಗೆ ಗೂಟ ಬಡಿದರು, ಏಣಿ ನಿಲ್ಲಿಸಿದರು, ಹಗ್ಗ ಬಿಗಿದರು, ಸುರಂಗ ತೋಡಿದರು. ಬಂದೂಕಿನಷ್ಟೇ ಕ್ರೂರವಾಗಿದ್ದುದು ಪ್ರಕೃತಿ. 1916ರ ಡಿಸೆಂಬರ್ 13ರಂದು ಮಾರ್ಮೊಲಾಡಾದಲ್ಲಿ ಕುಸಿದ ಒಂದೇ ಹಿಮರಾಶಿಗೆ ಸುಮಾರು 270 ಆಸ್ಟ್ರಿಯನ್ ಸೈನಿಕರು ಬಲಿಯಾದರು.

ಈಗ ಒಬ್ಬ ಮನುಷ್ಯನ ಕಥೆ ಕೇಳಿ. ಸೆಪ್ ಇನ್ನರ್‌ಕೋಫ್ಲರ್ ಪಕ್ಕದ ಸೆಕ್ಸ್‌ಟನ್ ಹಳ್ಳಿಯ ಹೆಸರಾಂತ ಪರ್ವತ ಮಾರ್ಗದರ್ಶಿ. ಪಾಟೆರ್ನೊದ ಎದುರಿಗೇ ಇದ್ದ ಯಾತ್ರಿಕರ ತಂಗುದಾಣವನ್ನು ನೋಡಿಕೊಳ್ಳುತ್ತಿದ್ದವನು. ಯುದ್ಧದ ಮೊದಲ ದಿನಗಳಲ್ಲೇ ಫಿರಂಗಿ ದಾಳಿಗೆ ಆ ಮನೆ ಸುಟ್ಟುಹೋಯಿತು. ಆಸ್ಟ್ರಿಯಾದ ಸೇನೆಯ ಬಹುಭಾಗ ಪೂರ್ವದ ರಣರಂಗದಲ್ಲಿದ್ದುದರಿಂದ ಇಲ್ಲಿ ಗಡಿ ಕಾಯಲು ನಿಂತವರಲ್ಲಿ ಹಳ್ಳಿಯ ಮುದುಕರೂ ಹುಡುಗರೂ ಅನೇಕರಿದ್ದರು. ನಲವತ್ತೊಂಬತ್ತು ವರ್ಷದ ಸೆಪ್ ಕೂಡ ಸ್ವಯಂಸೇವಕನಾಗಿ ಸೇರಿದ. 1915ರ ಜುಲೈ 4ರ ನಸುಕಿನಲ್ಲಿ, ಇಟಲಿಯವರು ಹಿಡಿದಿದ್ದ ಪಾಟೆರ್ನೊ ಶಿಖರವನ್ನು ಕಸಿದುಕೊಳ್ಳಲು ಕೆಲವೇ ಸಂಗಡಿಗರೊಡನೆ ಮೇಲೇರಿದ. ಶಿಖರ ಇನ್ನೇನು ಕೈಗೆಟಕುವಷ್ಟರಲ್ಲಿ ಕೆಳಗುರುಳಿ ಸತ್ತ.

ಅವನು ಸತ್ತದ್ದು ಹೇಗೆ? ಪಿಯೆರೊ ಡಿ ಲುಕಾ ಎಂಬ ಇಟಲಿಯ ಸೈನಿಕ ಎಸೆದ ಕಲ್ಲಿನಿಂದ ಎಂದು ಒಂದು ಮಾತು. ಅವನ ಕಡೆಯವರೇ ಹಾರಿಸಿದ ಗುಂಡು ತಪ್ಪಿ ತಗುಲಿತು ಎಂದು ಇನ್ನೊಂದು. ಒಂದೇ ಘಟನೆಯನ್ನು ಎರಡು ಪಾಳೆಯಗಳು ಎರಡು ರೀತಿಯಲ್ಲಿ ನೆನೆಯುತ್ತವೆ. ಇತಿಹಾಸ ಓದುವವರು ಎರಡನ್ನೂ ಕೇಳಿಸಿಕೊಳ್ಳಬೇಕು. ಒಂದು ಸಂಗತಿಯಲ್ಲಿ ಮಾತ್ರ ವಿವಾದವಿಲ್ಲ. ಇಟಲಿಯ ಸೈನಿಕರು ಶತ್ರುವಿನ ದೇಹವನ್ನು ಕಡಿದಾದ ಬಂಡೆಯಿಂದ ಮೇಲಕ್ಕೆ ತಂದು, ಅದೇ ಶಿಖರದ ಮೇಲೆ ಗೌರವದಿಂದ ಮಣ್ಣು ಮಾಡಿದರು. 1918ರಲ್ಲಿ ಅವನ ಅವಶೇಷಗಳನ್ನು ಊರಿಗೆ ಒಯ್ಯಲಾಯಿತು.

1917ರ ನವೆಂಬರ್ ವೇಳೆಗೆ ಸೈನ್ಯಗಳು ಇಲ್ಲಿಂದ ತೆರಳಿದವು. 1919ರ ಒಪ್ಪಂದದಂತೆ ಆ ಕಣಿವೆಯೇ ಇಟಲಿಗೆ ಸೇರಿತು. ಬೆಟ್ಟದ ಮೇಲೆ ಉಳಿದದ್ದು ಕೊಳೆಯುತ್ತಿದ್ದ ಏಣಿ, ತುಕ್ಕು ಹಿಡಿದ ಗೂಟ, ಬರಿದಾದ ಸುರಂಗ. ಮುಂದಿನ ದಶಕಗಳಲ್ಲಿ ಪರ್ವತಾರೋಹಿಗಳ ಸಂಘಗಳು ಅಂಥ ಎಷ್ಟೋ ದಾರಿಗಳಿಗೆ ಹೊಸ ಉಕ್ಕಿನ ತಂತಿ ಬಿಗಿದವು. 1930ರ ದಶಕದಲ್ಲಿ ಬ್ರೆಂಟಾ ಪರ್ವತಗಳಲ್ಲಿ, ಯುದ್ಧದ ಸಂಬಂಧವಿಲ್ಲದೆ ಕೇವಲ ನಡಿಗೆಯ ಸಂತೋಷಕ್ಕಾಗಿ, 'ಬೊಕೆಟ್ಟೆ' ಎಂಬ ದಾರಿಯ ಕೆಲಸ ಆರಂಭವಾಯಿತು. 2009ರಲ್ಲಿ ಡಾಲೊಮೈಟ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ತಂತಿ ಇದೆಯೆಂದು ಅಪಾಯವಿಲ್ಲ ಎಂದು ತಿಳಿಯಬೇಡಿ. ಕೈ ಜಾರಿದರೆ ಕೊಕ್ಕೆ ಕೆಳಗಿನ ಗೂಟದವರೆಗೂ ಜಾರುತ್ತದೆ. ಬೀಳುವ ದೂರ ಹಲವು ಮೀಟರ್, ತಡೆಯುವ ಹಗ್ಗವೋ ತೀರ ಗಿಡ್ಡ. ಆ ಜಗ್ಗು ಮೈಮುರಿಯುವಂಥದ್ದು. ಆದ್ದರಿಂದಲೇ ಹಗ್ಗದಲ್ಲಿ ಹೊಲಿದ ಪಟ್ಟಿಯೊಂದಿರುತ್ತದೆ. ಅದು ಸ್ವಲ್ಪಸ್ವಲ್ಪವೇ ಹರಿಯುತ್ತ ಜಗ್ಗನ್ನು ಹೀರಿಕೊಳ್ಳುತ್ತದೆ. ಗೂಟ ದಾಟುವಾಗ ಒಂದು ಕೊಕ್ಕೆಯನ್ನು ಬಿಚ್ಚಿ ಮುಂದಕ್ಕೆ ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಮಧ್ಯಾಹ್ನ ಗುಡುಗುವ ಮೊದಲೇ ಇಳಿಯಬೇಕು. ಸಿಡಿಲಿಗೆ ಉಕ್ಕಿನ ತಂತಿಯೇ ಹಾದಿ.

ಮಿತ್ರರೇ, ಪಾಟೆರ್ನೊದ ಆ ಹಾದಿಗೆ ಇಂದು ಇರುವ ಹೆಸರೇನು ಗೊತ್ತೆ? 'ಡಿ ಲುಕಾ-ಇನ್ನರ್‌ಕೋಫ್ಲರ್'. ಒಬ್ಬರನ್ನೊಬ್ಬರು ಕೊಲ್ಲಲು ನಿಂತಿದ್ದ ಇಬ್ಬರ ಹೆಸರುಗಳು ಒಂದೇ ಫಲಕದ ಮೇಲಿವೆ. ನಾಲ್ವರು ಗೆಳೆಯರು ನಗುತ್ತ ಆ ತಂತಿ ಹಿಡಿದು ಏರುವಾಗ, ಸುರಂಗದ ಕಿಂಡಿಯೊಂದರ ಬಳಿ ಒಂದು ಕ್ಷಣ ನಿಲ್ಲಿ. ಇಂದು ನೀವು ಕಣಿವೆಯ ಸೊಬಗು ನೋಡುವ ಆ ಕಿಂಡಿಯಲ್ಲಿ ಅಂದು ಬಂದೂಕಿತ್ತು.