ಹಿಮನಾಡಿನ ಜೀವನಾಡಿ: ಅಲಾಸ್ಕದ ನಾಯಿಬಂಡಿ

ರೈಲು, ರಸ್ತೆ, ವಿಮಾನಗಳು ತಲಪುವುದಕ್ಕೆ ಮುನ್ನ ಉತ್ತರ ಅಮೆರಿಕದ ಹಿಮಪ್ರದೇಶಗಳಲ್ಲಿ ಚಳಿಗಾಲದ ಸಂಚಾರವೆಲ್ಲ ನಾಯಿಗಳನ್ನೇ ನೆಚ್ಚಿಕೊಂಡಿತ್ತು. ಮನುಷ್ಯನ ಈ ಹಳೆಯ ಒಡನಾಡಿ ಸಲ್ಲಿಸಿದ ಸೇವೆಯನ್ನು ಅಲಾಸ್ಕದ ನಿದರ್ಶನದೊಡನೆ ಇಲ್ಲಿ ಪರಿಚಯಿಸಬಯಸುತ್ತೇವೆ.

ನಾಯಿಗಳನ್ನು ಬಂಡಿಗೆ ಹೂಡುವ ವಿದ್ಯೆ ಅಲ್ಲಿನ ಮೂಲನಿವಾಸಿಗಳದು. ಈ ಬಂಡಿಗೆ ಗಾಲಿಗಳಿಲ್ಲ. ಅದು ಎರಡು ನೀಳವಾದ ಮರದ ಪಟ್ಟಿಗಳ ಮೇಲೆ ಜಾರುತ್ತದೆ. ಕೆನಡ, ಗ್ರೀನ್‌ಲ್ಯಾಂಡ್‌ಗಳ ಬಯಲು ಹಿಮದಲ್ಲಿ ಪ್ರತಿ ನಾಯಿಗೂ ಪ್ರತ್ಯೇಕ ಹಗ್ಗ ಕಟ್ಟಿ ಬೀಸಣಿಗೆಯಂತೆ ಹರಡುತ್ತಿದ್ದರು. ಕಾಡಿನ ಕಿರುದಾರಿಗಳಲ್ಲಿ ಒಂದೇ ನಡುಹಗ್ಗಕ್ಕೆ ಜೋಡಿಜೋಡಿಯಾಗಿ ಹೂಡುವ ಕ್ರಮ ಅನುಕೂಲವಾಗಿತ್ತು. ಸಾರಥಿಯ ಕೈಯಲ್ಲಿ ಕಡಿವಾಣವಿರುವುದಿಲ್ಲ. ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ. ಈ ಕೂಗನ್ನು ಅರಿತು ದಾರಿ ಹಿಡಿಯುವುದು ಮುಂದಾಳು ನಾಯಿಯ ಹೊಣೆ. ಕುದುರೆಗೆ ಹುಲ್ಲು ಹೊತ್ತೊಯ್ಯಬೇಕು. ನಾಯಿಗಾದರೋ ನದಿಯಲ್ಲಿ ಹಿಡಿದು ಒಣಗಿಸಿದ ಸಾಲ್ಮನ್ ಮೀನು ಸಾಕು.

1896ರಲ್ಲಿ ಕೆನಡದ ಕ್ಲಾಂಡೈಕ್‌ನಲ್ಲಿ, 1898ರಲ್ಲಿ ಅಲಾಸ್ಕದ ನೋಮ್ ಬಳಿ ಚಿನ್ನ ದೊರೆತಾಗ ಸಹಸ್ರಾರು ಜನ ಉತ್ತರಕ್ಕೆ ಧಾವಿಸಿದರು. ಹೆಪ್ಪುಗಟ್ಟಿದ ನದಿಗಳೇ ಅವರ ಹೆದ್ದಾರಿಗಳಾದವು. ಅಂಚೆ, ಆಹಾರ, ಚಿನ್ನ ಎಲ್ಲವೂ ನಾಯಿಬಂಡಿಗಳಲ್ಲೇ ಸಾಗಿದವು.

ಈ ಸಾರಿಗೆಯ ಅಗ್ನಿಪರೀಕ್ಷೆ ನಡೆದದ್ದು 1925ರ ಜನವರಿಯಲ್ಲಿ. ನೋಮ್ ಪಟ್ಟಣದ ಮಕ್ಕಳಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ ರೋಗ ಕಾಣಿಸಿಕೊಂಡಿತು. ವೈದ್ಯ ಕರ್ಟಿಸ್ ವೆಲ್ಚ್ ಅವರ ಬಳಿಯಿದ್ದ ಔಷಧದ ಅವಧಿ ಮುಗಿದಿತ್ತು. ಕಡಲು ಹೆಪ್ಪುಗಟ್ಟಿದ್ದುದರಿಂದ ಹಡಗು ಬರುವಂತಿರಲಿಲ್ಲ. ಆ ಚಳಿಯಲ್ಲಿ ಅಂದಿನ ತೆರೆದ ವಿಮಾನಗಳನ್ನು ನಂಬುವಂತಿರಲಿಲ್ಲ. ಆಂಕರೇಜ್‌ನಿಂದ ರೈಲಿನಲ್ಲಿ ನೆನಾನಾ ತಲಪಿದ ಔಷಧವನ್ನು ಅಲ್ಲಿಂದ 20 ಮಂದಿ ಸಾರಥಿಗಳೂ ಸುಮಾರು 150 ನಾಯಿಗಳೂ ಕೈಯಿಂದ ಕೈಗೆ ದಾಟಿಸುತ್ತ ಸುಮಾರು 1,085 ಕಿಲೋಮೀಟರ್ ಸಾಗಿಸಿದರು. ಅಂಚೆಗೆ ವಾರಗಳೇ ಹಿಡಿಯುತ್ತಿದ್ದ ಆ ದಾರಿಯನ್ನು ಐದೂವರೆ ದಿನಗಳಲ್ಲಿ ಕ್ರಮಿಸಿ ಫೆಬ್ರವರಿ 2ರ ಮುಂಜಾನೆ ನೋಮ್ ಸೇರಿದರು.

ಕೊನೆಯ ಹಂತದಲ್ಲಿ ಗುನ್ನಾರ್ ಕಾಸೆನ್ನರ ಬಂಡಿಗೆ ಮುಂದಾಳಾಗಿದ್ದ ಬಾಲ್ಟೋ ಜಗತ್ಪ್ರಸಿದ್ಧವಾಯಿತು. ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಅದರ ಪ್ರತಿಮೆ ನಿಂತಿತು. ಆದರೆ ಔಷಧವನ್ನು ಅತಿ ದೀರ್ಘವೂ ಅಪಾಯಕರವೂ ಆದ ಹಂತದಲ್ಲಿ, ಬಿರುಕು ಬಿಡುವ ಕಡಲ ಹಿಮದ ಮೇಲೆ ದಾಟಿಸಿದ್ದು ಲಿಯೊನ್ಹಾರ್ಡ್ ಸೆಪ್ಪಾಲರ ಬಂಡಿ. ಅದರ ಮುಂದಾಳು ಟೋಗೋ. ಅದಕ್ಕೆ ಅದೇ ನಗರದಲ್ಲಿ ಪ್ರತಿಮೆಯ ಗೌರವ ದೊರೆತದ್ದು 2001ರಲ್ಲಿ. ಆ ಸಾರಥಿಗಳಲ್ಲಿ ಅನೇಕರು ಅಥಬಾಸ್ಕನ್ ಮೂಲನಿವಾಸಿಗಳೆಂಬುದನ್ನಂತೂ ಅಂದಿನ ಪತ್ರಿಕೆಗಳು ಹೆಚ್ಚಾಗಿ ಗಮನಿಸಲಿಲ್ಲ.

ವಿಮಾನಗಳೂ, 1960ರ ದಶಕದಲ್ಲಿ ಹಿಮವಾಹನಗಳೂ ಬಂದ ಮೇಲೆ ನಾಯಿಬಂಡಿ ಹಿಂದೆ ಸರಿಯಿತು. ಅಲಾಸ್ಕದಲ್ಲಿ ನಾಯಿಗಳ ಕೊನೆಯ ಅಂಚೆ ಸೇವೆ 1963ರಲ್ಲಿ ನಿಂತಿತು. ಮರೆಯಾಗುತ್ತಿದ್ದ ಪರಂಪರೆಯನ್ನು ಉಳಿಸಲೆಂದು ಜೋ ರೆಡಿಂಗ್ಟನ್ ಮತ್ತು ಸಂಗಡಿಗರು 1973ರಲ್ಲಿ ಆಂಕರೇಜ್‌ನಿಂದ ನೋಮ್‌ವರೆಗಿನ ಇಡಿಟರಾಡ್ ಓಟವನ್ನು ಆರಂಭಿಸಿದರು. ಬಾಲ್ಟೋವಿನ ಪ್ರತಿಮೆಯನ್ನು ಕಾಣುವ ನಾವು, ಔಷಧ ಅದರ ಕೈಸೇರುವ ಮೊದಲು ನೂರಾರು ಮೈಲಿ ಓಡಿದ ಉಳಿದ ನಾಯಿಗಳನ್ನೂ ಅವುಗಳ ಸಾರಥಿಗಳನ್ನೂ ಸ್ಮರಿಸುವುದು ಉಚಿತ.