ನಂದಿ ತಪ್ಪಲಿನ ಸೊವಿನ್ಯೋನ್ ಬ್ಲಾಂಕ್: ನೆಲ, ಕಾಲ ಮತ್ತು ಕಾಯಬಲ್ಲ ಮನೆತನ

ಫ್ರಾನ್ಸಿನ ಲುವಾರ್ ನದಿ ಸೀಮೆಯ ಸಾನ್ಸೇರ್ ಎಂಬಲ್ಲಿನ ಬಿಳಿ ವೈನ್ ಚುರುಕಾದ ಹುಳಿಗೆ ಹೆಸರಾದದ್ದು. ಸೊವಿನ್ಯೋನ್ ಬ್ಲಾಂಕ್ ದ್ರಾಕ್ಷಿಯ ಈ ಗುಣಕ್ಕೆ ಅಲ್ಲಿನ ಸುಣ್ಣಕಲ್ಲಿನ ನೆಲ ಮತ್ತು ತಂಪು ಹವೆಯೇ ಕಾರಣವೆಂದು ಹೇಳುವುದು ರೂಢಿ. ಆ ಮಾತು ಪೂರ್ತಿ ನಿಜವಾಗಿದ್ದರೆ 47 ಡಿಗ್ರಿ ಉತ್ತರ ಅಕ್ಷಾಂಶದ ತಳಿ 13 ಡಿಗ್ರಿಯ, ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ತನ್ನ ಹುಳಿ ಉಳಿಸಿಕೊಳ್ಳಬಾರದಿತ್ತು; ಉಳಿಸಿಕೊಂಡಿದೆ. ಇದಕ್ಕೆ ನೆಲಕ್ಕಿಂತ ಹೆಚ್ಚಾಗಿ ಬೇಸಾಯದ ಕಾಲಕ್ರಮ ಮತ್ತು ಫಲಕ್ಕಾಗಿ ಕಾಯಬಲ್ಲ ಮನೆತನದ ಬಂಡವಾಳ ಕಾರಣ ಎಂಬುದು ನನ್ನ ವಾದ.

ವ್ಯಾಪಾರದ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದ ಕನ್ವಲ್ ಗ್ರೋವರ್, ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ವರ್ಷಗಟ್ಟಲೆ ನೆಟ್ಟು ಪರೀಕ್ಷಿಸಿದರು. ದೊಡ್ಡಬಳ್ಳಾಪುರದ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪನೆಯಾದದ್ದು ಅದಾದ ಮೇಲೆ, 1988ರಲ್ಲಿ. ಇನ್ನು ಕಾಲಕ್ರಮದ ಮಾತು: ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಬೇಕು: ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು, ಮಳೆ ಇಳಿಯುವ ಹೊತ್ತಿಗೆ ಹಣ್ಣಿಗೆಂದು. ಎರಡನೆಯ ಸವರಿಕೆಯ ನಂತರ ಕಡ್ಡಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ದ್ರಾವಣ ಹಚ್ಚಿ ಅವು ಒಟ್ಟಿಗೆ ಚಿಗುರುವಂತೆ ಮಾಡುವುದುಂಟು. ಹೀಗೆ ಕಾಯಿ ದಪ್ಪಗಾಗುವುದು ಒಣಹವೆಯ ತಂಪು ತಿಂಗಳುಗಳಲ್ಲಿ, ಕೊಯ್ಲು ಬೇಸಿಗೆಯ ಬಿಸಿಲು ಏರುವ ಮೊದಲೇ. ಸೆಖೆಯಲ್ಲಿ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ. ಸುಮಾರು 900 ಮೀಟರ್ ಎತ್ತರದ ಈ ಬಯಲಿನ ತಂಪು ರಾತ್ರಿಗಳು ಅದನ್ನು ತಡೆಯುತ್ತವೆ. ಆದರೆ ಸವರುವ ವಾರ ತಪ್ಪಿದರೆ ಎತ್ತರವೂ ಕೈಹಿಡಿಯುವುದಿಲ್ಲ.

ಹುಳಿಯನ್ನು ತೊಟ್ಟಿಯಲ್ಲೇ ಬೆರೆಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಿಸಿನಾಡುಗಳಲ್ಲಿ ದ್ರಾಕ್ಷಿರಸಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸುವುದು ಸಾಮಾನ್ಯ. ಆದರೆ ಈ ತಳಿಯ ಜೀವಾಳವಾದ ಹಸಿಹುಲ್ಲಿನ, ದೊಣ್ಣೆಮೆಣಸಿನಕಾಯಿಯ ವಾಸನೆ ಮೆಥಾಕ್ಸಿಪೈರಜಿನ್ ಎಂಬ ಸಂಯುಕ್ತಗಳಿಂದ ಬರುವಂಥದು; ಅವು ಹಣ್ಣಿನಲ್ಲೇ ಹುಟ್ಟಿ, ಮಾಗಿದಂತೆಲ್ಲ ಕುಗ್ಗುತ್ತವೆ. ಕೊಯ್ಲು ತಡವಾದರೆ ಸಕ್ಕರೆ ಏರುತ್ತದೆ, ವಾಸನೆ ಹೋಗುತ್ತದೆ. ಕೊಯ್ಲಿನ ದಿನವನ್ನು ಗೊತ್ತುಮಾಡುವ ಈ ವಿವೇಕವನ್ನು ಯಾವ ಪುಡಿಯೂ ತುಂಬಿಕೊಡಲಾರದು.

2012ರಲ್ಲಿ ನಾಸಿಕದ ವ್ಯಾಲೆ ದ ವಿನ್ ಜೊತೆ ವಿಲೀನವಾಗಿ ಗ್ರೋವರ್ ಝಂಪಾ ಆದ ಸಂಸ್ಥೆಯನ್ನು ಮನೆತನದ ತೋಟವೆನ್ನಬಹುದೇ ಎಂಬ ಪ್ರಶ್ನೆಯೂ ಇದೆ. ಇಂದಿನ ಒಡೆತನಕ್ಕೆ ಆ ಹೆಸರು ಒಪ್ಪದಿರಬಹುದು. ಮೊದಲ ಫಲದವರೆಗಿನ ಕಾಲಕ್ಕೆ ಒಪ್ಪುತ್ತದೆ, ನನ್ನ ವಾದಕ್ಕೆ ಮುಖ್ಯವಾದದ್ದೂ ಅದೇ. ಕಾಯುವ ಬಲ ಏಕೆ ಮುಖ್ಯವೆಂದು ತಿಳಿಯಲು ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವನ್ನು ಹೋಲಿಸಿ ನೋಡಿ. ಕಾವೇರಿ ದಂಡೆಯ ಈ ಊರೂ 800 ಮೀಟರಿಗೆ ಮೇಲಿದೆ. ಮಲೆನಾಡಿನ ಅಂಚಾದ್ದರಿಂದ ಮುಂಗಾರು ಇಲ್ಲಿ ಜೋರು, ಬೂಜು ರೋಗದ ಭಯವೂ ಹೆಚ್ಚು, ನಿಜ. ಆದರೂ ಈ ತಾಲ್ಲೂಕು ಹೊಗೆಸೊಪ್ಪಿನ ಸೀಮೆಯಾದದ್ದಕ್ಕೆ ಹವೆಯೊಂದೇ ಕಾರಣವಲ್ಲ. ಮುಂಗಾರಿಗೆ ನೆಟ್ಟ ಸಸಿಯ ಸೊಪ್ಪು ಕೆಲವೇ ತಿಂಗಳಲ್ಲಿ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದವಾಗಿ ತಂಬಾಕು ಮಂಡಳಿಯ ಹರಾಜಿಗೆ ಹೋಗುತ್ತದೆ. ಅದೇ ವರ್ಷ ಹಣ ಕೈಸೇರುತ್ತದೆ. ದ್ರಾಕ್ಷಿ ಸರಿಯಾದ ಫಸಲು ಕೊಡಲು ಮೂರು ವರ್ಷವಾದರೂ ಬೇಕು. ಚಪ್ಪರ, ಹನಿ ನೀರಾವರಿಯ ಖರ್ಚು ಮೊದಲ ದಿನವೇ ಬೀಳುತ್ತದೆ. ಗ್ರೋವರ್ ಮನೆತನಕ್ಕೆ ಬೇರೆ ವ್ಯಾಪಾರದ ಆಸರೆ ಇತ್ತು, ಕಾದರು. 2007ರ ರಾಜ್ಯದ ವೈನ್ ನೀತಿಯನ್ನು ತೋರಿಸಿ ಹೊಗೆಸೊಪ್ಪಿಗೆ ಬದಲಾಗಿ ದ್ರಾಕ್ಷಿ ಬೆಳೆಯಿರಿ ಎನ್ನುವವರು ಆ ಮೂರು ವರ್ಷ ರೈತನ ಮನೆ ನಡೆಸುವವರು ಯಾರೆಂಬುದನ್ನು ಮೊದಲು ಹೇಳಬೇಕು.