ಊರೂರು ತಿರುಗಿದ ನಾಟಕ ಕಂಪನಿಗಳು ಮತ್ತು ಹೆಸರು ಗೊತ್ತಿಲ್ಲದ ಸುಭದ್ರೆ

ಕಳೆದ ವರ್ಷ ರವೀಂದ್ರ ಭಾರತಿಯಲ್ಲಿ ಸುರಭಿಯವರ ‘ಮಾಯಾಬಜಾರ್’ ನೋಡಲು ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಘಟೋತ್ಕಚ ಕೂತಲ್ಲೇ ಬಾಯಿ ತೆರೆದರೆ ತಟ್ಟೆಯ ಲಡ್ಡುಗಳು ತಾವಾಗಿ ಎದ್ದು ಹಾರಿ ಬರುವ ದೃಶ್ಯಕ್ಕೆ ಅವಳು ಕುರ್ಚಿಯ ಮೇಲೆ ಎದ್ದು ನಿಂತುಬಿಟ್ಟಳು. ಹಿಂದಿನವರು ಬೈಯಲಿಲ್ಲ, ಅವರೂ ಎದ್ದಿದ್ದರು. ನನ್ನ ಕಣ್ಣು ಮಾತ್ರ ಅಭಿಮನ್ಯುವಿನ ತಾಯಿ ಸುಭದ್ರೆಯ ಪಾತ್ರದವರ ಮೇಲೆಯೇ ಇತ್ತು. ಅದಕ್ಕೆ ಕಾರಣ ನನ್ನ ಅಜ್ಜಿ.

ಅಜ್ಜಿಯ ತವರು ಸಿಂಧನೂರು ಕಡೆಯ ಒಂದು ಹಳ್ಳಿ. ಆಕೆ ಚಿಕ್ಕವಳಿದ್ದಾಗ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ‘ಹೈದರಾಬಾದಿ’ ಆದವಳು ಅಜ್ಜಿಯೇ, ಚಾರ್ಮಿನಾರ್ ಮಾತ್ರ ನೋಡಿರಲಿಲ್ಲ ಅಷ್ಟೇ! ಸುಗ್ಗಿ ಮುಗಿದ ಮೇಲೆ ಹೊಳೆಯಾಚೆಯಿಂದ ನಾಟಕ ಕಂಪನಿ ಬರುತ್ತಿದ್ದದ್ದನ್ನು ಆಕೆ ನೂರು ಸಲ ಹೇಳಿದ್ದಾಳೆ. “ಕಂಪನಿ ಬಂತಂದ್ರ ಊರಾಗ ಯಾರೂ ಮಲಗ್ತಿದ್ದಿಲ್ಲ ತಂಗಿ. ನಾಟಕ ನೋಡಾಕ ಕರಕೊಂಡು ಹೋಗ್ತಿದ್ರು, ಅವ್ರ ಜೋಡಿ ಮಾತಾಡಾಕ ಬಿಡ್ತಿದ್ದಿಲ್ಲ.”

ಒಂದು ಮಧ್ಯಾಹ್ನ ಕಂಪನಿಯ ಒಬ್ಬ ಹೆಂಗಸು, ಹಿಂದಿನ ರಾತ್ರಿ ಸುಭದ್ರೆಯಾಗಿ ಹಾಡಿದ್ದವಳು, ಬಾಗಿಲಿಗೆ ಬಂದು ಮಗುವಿಗೆ ಕುಡಿಸಲು ಮಜ್ಜಿಗೆ ಕೇಳಿದಳಂತೆ. ಹತ್ತು ವರ್ಷದ ಅಜ್ಜಿ ಖುಷಿಯಿಂದ ಚರಿಗೆ ತುಂಬಿಸಿ ಕೊಟ್ಟಳು. ಆಕೆ ಹೋದ ಮೇಲೆ ಮುತ್ತಜ್ಜಿ ಆ ಚರಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಎರಡು ಸಲ ತಿಕ್ಕಿಸಿದಳು, ಅಜ್ಜಿಯ ಕೈಯಿಂದಲೇ. ಹಿಂದಿನ ರಾತ್ರಿ ಅದೇ ಸುಭದ್ರೆಯ ಅಳಲಿಗೆ ಮುತ್ತಜ್ಜಿಯೂ ಕಣ್ಣೊರೆಸಿಕೊಂಡಿದ್ದಳು.

ಈ ಕಥೆ ತಲೆಯಲ್ಲಿ ಕೂತಿದ್ದರಿಂದಲೇ ನಾನು ಕಂಪನಿ ನಾಟಕಗಳ ಬಗ್ಗೆ ಓದಲು ಶುರು ಮಾಡಿದೆ. ಎಂ.ಟೆಕ್ ಮಾಡಿದವಳಿಗೆ ಇದು ಸಂಬಂಧವಿಲ್ಲದ ವಿಷಯ ಎಂದು ಮನೆಯಲ್ಲಿ ನಗುತ್ತಾರೆ. ಆದರೆ ನಮ್ಮ ಆಫೀಸಿನಲ್ಲಿ ಒಂದು ಸರ್ವರ್ ಸ್ಥಳಾಂತರಿಸಲು ಮೂರು ತಿಂಗಳು ಮೀಟಿಂಗ್ ಮಾಡುವ ನನಗೆ, ಒಂದು ನಾಟಕ ಕಂಪನಿ ಕ್ಯಾಂಪ್ ಬದಲಿಸುತ್ತಿದ್ದ ರೀತಿ ದೊಡ್ಡ ಸೋಜಿಗ. ಮೊದಲು ಮ್ಯಾನೇಜರ್ ಹೋಗಿ ಜಾಗ ನೋಡಿ, ಪರವಾನಗಿ ಪಡೆದು, ಊರಿನ ಹಿರಿಯರನ್ನು ಕಂಡು ಬರಬೇಕು. ಆಮೇಲೆ ಕಂಬ, ತಗಡು, ತಡಿಕೆ, ಸುತ್ತಿಟ್ಟ ಪರದೆಗಳು, ಸೈಡ್ ವಿಂಗ್‌ಗಳು, ಕಾಲಲ್ಲಿ ಒತ್ತುವ ಹಾರ್ಮೋನಿಯಂ, ಕಿರೀಟ ಗದೆಗಳ ಪೆಟ್ಟಿಗೆಗಳು, ಅಡುಗೆಯ ಹಂಡೆಗಳು, ತೊಟ್ಟಿಲು. ಎಲ್ಲವೂ ಚಕ್ಕಡಿ, ರೈಲು, ಮುಂದೆ ಲಾರಿಯಲ್ಲಿ ಹೊರಡಬೇಕು. ಊರಲ್ಲಿ ಇಳಿದ ಕೂಡಲೇ ಬಂಡಿಯ ಮೇಲೆ ವಾದ್ಯ ಬಾರಿಸುತ್ತಾ ಹ್ಯಾಂಡ್‌ಬಿಲ್ ಹಂಚಬೇಕು. ಕಲೆಕ್ಷನ್ ಚೆನ್ನಾಗಿದ್ದರೆ ತಿಂಗಳುಗಟ್ಟಲೆ ಮೊಕ್ಕಾಂ. ಮಳೆ ಹಿಡಿದರೆ ಸಾಲ ಮಾಡಿ ಸಂಸಾರ. ಸಂಬಳ ತಪ್ಪಿದರೂ ಎರಡು ಹೊತ್ತಿನ ಊಟ ಕಂಪನಿಯ ಅಡುಗೆಮನೆಯಿಂದ ಬರಬೇಕು.

ಇಂಥ ಕಂಪನಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಗುಬ್ಬಿಯದು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಗೆ ಬಂದ ಮೇಲೆ ಇಡೀ ದಕ್ಷಿಣ ಭಾರತ ಸುತ್ತಿತು. ಕನ್ನಡದ ಜೊತೆಗೆ ತೆಲುಗು, ತಮಿಳಿನಲ್ಲೂ ಆಡಿತು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಡಾ. ರಾಜ್‌ಕುಮಾರ್ ಮತ್ತು ಅವರ ತಂದೆ ಪುಟ್ಟಸ್ವಾಮಯ್ಯನವರು ಅಲ್ಲಿ ಬಣ್ಣ ಹಚ್ಚಿದ್ದು ಎಲ್ಲರಿಗೂ ತಿಳಿದದ್ದೇ. ಉತ್ತರ ಕರ್ನಾಟಕದಲ್ಲಿ ಗದಗದ ಗರುಡ ಸದಾಶಿವರಾಯರು, ಶಿರಹಟ್ಟಿಯ ವೆಂಕೋಬರಾಯರು, ಆಮೇಲೆ ಏಣಗಿ ಬಾಳಪ್ಪನವರು. ಅಜ್ಜಿಯ ಊರಿಗೆ ಬಂದ ಕಂಪನಿ ಇವುಗಳಲ್ಲಿ ಒಂದೋ, ಇವುಗಳಿಂದ ಒಡೆದು ಹೋದ ಸಣ್ಣದೊಂದೋ. ಆಕೆಗೆ ನೆನಪಿದ್ದದ್ದು ‘ಕಂಪನಿ’ ಎಂಬ ಒಂದೇ ಹೆಸರು.

ಈ ಹೆಸರುಗಳನ್ನೆಲ್ಲ ಬರೆದು ನೋಡಿದಾಗ ನನಗೆ ಕಂಡದ್ದು, ಬೋರ್ಡಿನ ಮೇಲೆ ಇರುವವರೆಲ್ಲ ಮಾಲೀಕರು, ಗಂಡಸರು. ಬಹುಕಾಲ ಹೆಣ್ಣು ಪಾತ್ರ ಮಾಡುತ್ತಿದ್ದವರೂ ಗಂಡಸರೇ. 1914ರಲ್ಲಿ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದ ಬಾಳಪ್ಪನವರು ಕೂಡ ಹುಡುಗನಾಗಿ ಕಂಪನಿಗೆ ಬಂದದ್ದು ಸ್ತ್ರೀ ಪಾತ್ರಗಳಿಂದಲೇ. ಮರ್ಯಾದಸ್ಥ ಮನೆಯ ಹೆಣ್ಣು ರಂಗದ ಮೇಲೆ ನಿಲ್ಲುವುದಿಲ್ಲ ಎಂಬ ಕಟ್ಟಳೆ ಇತ್ತಲ್ಲ! ಆ ಕಟ್ಟಳೆ ದಾಟಿ ಬಂದವರಲ್ಲಿ ಹಾಡು, ಕುಣಿತ ಕಲಿತ ಮನೆತನಗಳ ಹೆಣ್ಣುಮಕ್ಕಳೇ ಹೆಚ್ಚು. ಗುಬ್ಬಿ ಕಂಪನಿಯಲ್ಲಿ ಜಿ. ಸುಂದರಮ್ಮ, ಬಿ. ಜಯಮ್ಮ, ಬಾಳಪ್ಪನವರ ಕಂಪನಿಯಲ್ಲಿ ಲಕ್ಷ್ಮೀಬಾಯಿ ಏಣಗಿ. ಇವರು ನಟಿಯರು, ಗಾಯಕಿಯರು, ಮಾಲೀಕರ ಪತ್ನಿಯರೂ ಹೌದು. ರಾತ್ರಿ ರಾಣಿಯಾಗಿ ಹಾಡಿ, ಬೆಳಿಗ್ಗೆ ಎದ್ದು ಇಡೀ ಕಂಪನಿಯ ಸಂಸಾರ ನೋಡಬೇಕಾದವರು. ಜಯಮ್ಮನವರು ‘ಹೇಮರೆಡ್ಡಿ ಮಲ್ಲಮ್ಮ’ ಮುಂತಾದ ಚಿತ್ರಗಳಿಂದಲೂ ಮನೆಮಾತಾದರು. ಆದರೆ ಸಿನಿಮಾಕ್ಕೆ ಹೋಗದೆ, ಮಾಲೀಕರ ಮನೆಯವರೂ ಆಗದೆ, ಮೂರನೆಯ ನಾಲ್ಕನೆಯ ಪಾತ್ರ ಮಾಡುತ್ತಾ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಊರೂರು ಅಲೆದವರು? ಅವರಿಗೆ ಅನೇಕ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಿತ್ತು. “ಕಂಪನಿಯವಳು” ಎಂಬುದು ನಮ್ಮ ಕಡೆ ಮೊನ್ನೆ ಮೊನ್ನೆಯವರೆಗೂ ಬೈಗುಳ. ನಾಟಕಕ್ಕೆ ‘ಒನ್ಸ್ ಮೋರ್’ ಕೂಗಿದ ಬಾಯಿಯೇ ಅದು.

ಇಲ್ಲಿ ಆರ್. ನಾಗರತ್ನಮ್ಮನವರ ವಿಷಯ ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಬಡ ಕುಟುಂಬದಲ್ಲಿ 1926ರಲ್ಲಿ ಹುಟ್ಟಿ, ವೃತ್ತಿ ಕಂಪನಿಗಳಲ್ಲಿ ದುಡಿದು, 1958ರಲ್ಲಿ ಅವರು ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಅದರಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಗಂಡಸರು ಸೀರೆ ಉಟ್ಟು ಹೆಣ್ಣಾಗುತ್ತಿದ್ದ ರಂಗಭೂಮಿಯಲ್ಲಿ ಇವರು ಮೀಸೆ ಅಂಟಿಸಿಕೊಂಡು ಕಂಸನಾದರು, ರಾವಣನಾದರು, ದುರ್ಯೋಧನನಾದರು. ಇದನ್ನು ಚಮತ್ಕಾರ ಎಂದು ಹೊಗಳುವುದು ವಾಡಿಕೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಮಾಲೀಕರಾದದ್ದು. ಕ್ಯಾಂಪ್ ಹುಡುಕುವುದು, ಮುಂಗಡ ಕೊಡುವುದು, ಲಾರಿಯವನ ಜೊತೆ ಚೌಕಾಸಿ, ಕಲೆಕ್ಷನ್ ಇಲ್ಲದ ದಿನ ಅಷ್ಟೂ ಜನರ ಊಟ, ಇದೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲೆ. ಕಂಸನ ಗದೆಗಿಂತ ಆ ಲೆಕ್ಕದ ಪುಸ್ತಕ ಭಾರವಿದ್ದಿರಬೇಕು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಓದುವ ಹೊತ್ತಿಗೆ, ಹೆಣ್ಣುಮಕ್ಕಳನ್ನು ಮೊದಲಿನಿಂದಲೂ ರಂಗದ ಮೇಲೆ ನಿಲ್ಲಿಸಿದ ಒಂದು ಕಂಪನಿ ನಾನು ದಿನಾ ಓಡಾಡುವ ದಾರಿಯ ಪಕ್ಕದಲ್ಲೇ ಇದೆ ಎಂದು ಗೊತ್ತಾಯಿತು! ಹೈಟೆಕ್ ಸಿಟಿಯಿಂದ ಲಿಂಗಂಪಲ್ಲಿ ಕಡೆಗೆ ಎಂಎಂಟಿಎಸ್ ಹಿಡಿಯುವ ನಮ್ಮಲ್ಲಿ ಎಷ್ಟು ಜನರಿಗೆ ಶೇರಿಲಿಂಗಂಪಲ್ಲಿಯ ಸುರಭಿ ಕಾಲೋನಿ ಗೊತ್ತು? ನನಗಂತೂ ಎಂಟು ವರ್ಷ ಗೊತ್ತಿರಲಿಲ್ಲ.

ಸುರಭಿಯವರ ಹಿರಿಯರು ಮರಾಠಿ ಮೂಲದ ತೊಗಲುಗೊಂಬೆ ಆಟದವರು. 1885ರಲ್ಲಿ ಕಡಪ ಸೀಮೆಯ ಸುರಭಿ ಎಂಬ ಹಳ್ಳಿಯಲ್ಲಿ ಒಂದು ಮದುವೆಯ ಸಂದರ್ಭದಲ್ಲಿ ‘ಕೀಚಕವಧೆ’ ಆಡಿದರು. ವನಾರಸ ಗೋವಿಂದರಾವ್ ಕಟ್ಟಿದ ಆ ಕಂಪನಿ ಕುಟುಂಬ ಬೆಳೆದಂತೆ ಹತ್ತಾರು ಕವಲಾಗಿ ಒಡೆಯಿತು. ಗೊಂಬೆಯಾಟದಲ್ಲಿ ಮನೆಯ ಹೆಂಗಸರು ಪರದೆಯ ಹಿಂದೆ ಕೂತು ಹಾಡುತ್ತಿದ್ದವರು. ಹಾಗಾಗಿ ಗೊಂಬೆಯ ಜಾಗಕ್ಕೆ ಮನುಷ್ಯರು ಬಂದಾಗ ಹೆಣ್ಣಿನ ಪಾತ್ರಕ್ಕೆ ಗಂಡಸನ್ನು ಹುಡುಕುವ ಅಗತ್ಯ ಬೀಳಲಿಲ್ಲ. ಅತ್ತೆ, ಸೊಸೆ, ಮೊಮ್ಮಗಳು ಎಲ್ಲರೂ ಬಣ್ಣ ಹಚ್ಚಿದರು. ತೆಲುಗಿನ ಮೊದಲ ಟಾಕಿ ‘ಭಕ್ತ ಪ್ರಹ್ಲಾದ’ದಲ್ಲಿ ಲೀಲಾವತಿಯಾದ ಸುರಭಿ ಕಮಲಾಬಾಯಿ ಹುಟ್ಟಿದ್ದೇ ನಾಟಕ ನಡೆಯುತ್ತಿದ್ದಾಗ, ಅವರ ತಾಯಿಗೆ ರಂಗದ ಮೇಲೆಯೇ ನೋವು ಶುರುವಾಯಿತು ಎಂದು ಹೇಳುತ್ತಾರೆ. ಹೆರಿಗೆ ರಜೆ ಅರ್ಜಿ ಹಾಕಿ ಮೇಲ್‌ಗಾಗಿ ಕಾದ ನಾನು ಈ ಕಥೆಯನ್ನು ನಗುತ್ತಾ ಕೇಳಲಾರೆ. ತುಂಬು ಬಸುರಿಗೂ ಅಂದು ರಾತ್ರಿ ಬಣ್ಣ ಹಚ್ಚುವುದು ತಪ್ಪಿರಲಿಲ್ಲ ಎಂಬುದೂ ಅದರಲ್ಲಿದೆ.

ಇಲ್ಲಿಯೇ ಕನ್ನಡದ ಎಳೆಯೊಂದು ಬಂದು ಸೇರುತ್ತದೆ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗನೊಬ್ಬ ಮನೆಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ್ದ. ಮುಂದೆ ವೀರಣ್ಣನವರೇ ಅವನನ್ನು ಹಿಂದಿ ಎಂ.ಎ. ಓದಲು ಕಾಶಿಗೆ ಕಳಿಸಿದರು. ಅವರೇ ಬಿ.ವಿ. ಕಾರಂತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಭೋಪಾಲಿನ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ ಎಲ್ಲ ಕಟ್ಟಿದ ಮೇಲೆ, 1990ರ ದಶಕದಲ್ಲಿ ಅವರು ನಮ್ಮ ಸುರಭಿಯವರ ಬಳಿ ಬಂದರು. ‘ಭೀಷ್ಮ’, ‘ಚಂಡೀಪ್ರಿಯ’, ‘ಬಸ್ತಿ ದೇವತ ಯಾದಮ್ಮ’ ಎಂಬ ನಾಟಕಗಳನ್ನು ಅವರಿಂದ ಮಾಡಿಸಿದರು. ಕೊನೆಯದು ಜರ್ಮನಿಯ ಬ್ರೆಕ್ಟ್‌ನ ನಾಟಕದ ತೆಲುಗು ರೂಪ. ಒಳ್ಳೆಯವಳಾಗಿದ್ದರೆ ಬದುಕಲು ಬಿಡದ ಊರಿನಲ್ಲಿ ಒಬ್ಬ ಹೆಣ್ಣು ಆಗಾಗ ಗಂಡಿನ ವೇಷ ಹಾಕಿ ವ್ಯವಹಾರ ಉಳಿಸಿಕೊಳ್ಳುವ ಕಥೆ ಅದು. ನಾಗರತ್ನಮ್ಮನವರ ಮೀಸೆ ನೆನಪಾಗದೆ ಇರುತ್ತದೆಯೇ? ಗುಬ್ಬಿಯ ಅನ್ನ ಉಂಡ ಕನ್ನಡಿಗ ಇನ್ನೊಂದು ಭಾಷೆಯ ಕಂಪನಿಗೆ ಅದನ್ನು ಕಲಿಸಿದ್ದು ನಮ್ಮ ಊರಿನ ಚರಿತ್ರೆಯ ಭಾಗ. ರಾಜ್ಯೋತ್ಸವದ ಭಾಷಣಗಳಲ್ಲಿ ಇದನ್ನು ನಾನು ಒಮ್ಮೆಯೂ ಕೇಳಿಲ್ಲ. ಅಂದ ಹಾಗೆ, ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಅವರು ಹೇಳುತ್ತಾ ಹೋದಂತೆ ಬರೆದುಕೊಟ್ಟವರು ವೈದೇಹಿ. ಓದದಿದ್ದವರು ಓದಿ.

ಕಂಪನಿಗಳು ಈಗ ಬೆರಳೆಣಿಕೆ. ಸಿನಿಮಾ, ಟಿವಿ, ಈಗ ಮೊಬೈಲ್, ಕಾರಣ ಎಲ್ಲರಿಗೂ ಗೊತ್ತು. ಆದರೂ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಸಾಲಾಗಿ ಥಿಯೇಟರ್ ಹಾಕಿರುತ್ತಾರೆ, ಬೆಳಗಾಗುವವರೆಗೆ ಆಟ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ಎಂಬ ಹೆಸರಿನಲ್ಲೇ ವರ್ಷವರ್ಷ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ, ಆ ವ್ಯಾನಿನಲ್ಲಿ ಹುಡುಗಿಯರು ಇರುವುದು ಈಗ ಸುದ್ದಿಯಲ್ಲ. ಸುರಭಿಯ ನಾಗೇಶ್ವರರಾವ್ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ಪ್ರೇಕ್ಷಕರಿಗೆ ಮಾತ್ರ ಅವರ ಕಾಲೋನಿಯ ದಾರಿ ಗೊತ್ತಿಲ್ಲ.

ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ನಾನು ಆ ಮಜ್ಜಿಗೆಯ ಕಥೆ ಮತ್ತೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆಕೆಯ ಹೆಸರೇನು ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುಭದ್ರಿ ಅಂತಿದ್ವಿ. ಖರೇ ಹೆಸರು ಯಾರ್ ಕೇಳಿದ್ರು?” ಎಂದಳು.

ಮಾಯಾಬಜಾರ್ ಮುಗಿದ ಮೇಲೆ ಮಗಳ ಹಟಕ್ಕೆ ಗ್ರೀನ್ ರೂಮಿನ ಬಾಗಿಲ ತನಕ ಹೋದೆವು. ಅರ್ಧ ಬಣ್ಣ ತೆಗೆದ ಮಕ್ಕಳು ಓಡಾಡುತ್ತಿದ್ದರು. ಸುಭದ್ರೆಯ ಪಾತ್ರದವರು ನೆಲದ ಮೇಲೆ ಕೂತು ಒಡವೆ ಬಿಚ್ಚುತ್ತಾ, ಪಕ್ಕದ ಮಗುವಿಗೆ ಡಬ್ಬಿಯಿಂದ ಅನ್ನ ತಿನ್ನಿಸುತ್ತಿದ್ದರು. ನಾನು ನನಗೆ ಬರುವ ತೆಲುಗಿನಲ್ಲಿ ಅವರ ಹೆಸರು ಕೇಳಿದೆ. ಹೇಳಿದರು. ಮಗಳ ಕೆನ್ನೆ ಮುಟ್ಟಿದರು, ಬೆರಳಿನ ಬಣ್ಣ ಕೆನ್ನೆಗೆ ಹತ್ತಿತು.

ಮನೆಗೆ ಬರುವಾಗ ಆಟೋದಲ್ಲಿ ಮಗಳು ಕೇಳಿದಳು, “ಅಮ್ಮಾ, ದೊಡ್ಡವಳಾದ ಮೇಲೆ ನಾನೂ ಇವರ ಜೊತೆ ಊರೂರಿಗೆ ಹೋಗಲಾ?”

“ಮೊದಲು ಚೆನ್ನಾಗಿ ಓದು, ಆಮೇಲೆ ನೋಡೋಣ” ಎಂದು ನನ್ನ ಬಾಯಿ ತಾನಾಗಿ ಹೇಳಿತು. ಹೇಳುತ್ತಲೇ, ಪರ್ಸಿನಿಂದ ಟಿಶ್ಯೂ ತೆಗೆದು ಅವಳ ಕೆನ್ನೆ ಒರೆಸಲು ಹೋಗಿದ್ದೆ. ಅವಳು ಮುಖ ತಿರುಗಿಸಿಕೊಂಡಳು. ಆ ಬಣ್ಣ ಮರುದಿನ ಬೆಳಿಗ್ಗೆ ಸ್ನಾನ ಮಾಡುವವರೆಗೂ ಇತ್ತು.